ಚಲಾವಣೆಯಾಗದ ನಾಣ್ಯಗಳು, ಒಂದು ಸೆಟ್

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಸುಮಾರು ನಲವತ್ತು ಮನೆಗಳ ಬೀರುಗಳಲ್ಲಿ ನಾನು ಕೆಡಿಸಿದ ನಾಣ್ಯಗಳಿವೆ. ಅವನ್ನು ಕೆಡಿಸುವುದಕ್ಕೆ ನಾನು ಪಟ್ಟ ಶ್ರಮ ಅಷ್ಟಿಷ್ಟಲ್ಲ. ಅಳತೆಪಟ್ಟಿ, ಬ್ಲೇಡು, ಗೋಂದು ಇಟ್ಟುಕೊಂಡು ಒಂದೊಂದಕ್ಕೂ ಒಂದೊಂದು ಸಂಜೆ ಕೂತಿದ್ದೇನೆ. ಎರಡು ಸಲ ಹೆಬ್ಬೆರಳು ಕೊಯ್ದುಕೊಂಡಿದ್ದೇನೆ.

ಶ್ರೀನಿವಾಸಪುರದ ಒಂದು ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ಮನೆ ಕೋಲಾರದಲ್ಲಿ. ಬೆಳಿಗ್ಗೆ ಬಸ್ಸು ಹತ್ತಿ ಹೋಗುವುದು, ಸಂಜೆ ಬಸ್ಸು ಹತ್ತಿ ಬರುವುದು, ನಡುವೆ ಮಕ್ಕಳ ಕೈಯಲ್ಲಿ ಹೂಜಿ, ಬಾಳೆಹಣ್ಣು, ಸೂರ್ಯೋದಯ ಬರೆಸುವುದು. ಪರೀಕ್ಷೆ ಹತ್ತಿರ ಬಂದರೆ ಗಣಿತದ ಮೇಷ್ಟ್ರು ನನ್ನ ಪೀರಿಯಡ್ಡು ಕೇಳುತ್ತಿದ್ದರು, ನಾನು ಕೊಟ್ಟುಬಿಡುತ್ತಿದ್ದೆ. ಆ ಬಿಡುವಿನಲ್ಲಿ ಸ್ಟಾಫ್ ರೂಮಿನ ಮೂಲೆಯಲ್ಲಿ ಕೂತು ನಾಣ್ಯಗಳನ್ನು ತಿರುಗಿಸಿ ಮುರುಗಿಸಿ ನೋಡುವ ಚಟ ಹತ್ತಿಕೊಂಡಿತು. ರಾಜರ ಕಾಲದ ನಾಣ್ಯ ಕೊಳ್ಳುವ ಶಕ್ತಿ ನನಗಿರಲಿಲ್ಲ. ಅದಕ್ಕೇ ಈಗಿನ ಒಂದು ರೂಪಾಯಿ, ಎರಡು ರೂಪಾಯಿಗಳನ್ನೇ ಈ ಇಸವಿಯದು, ಆ ಟಂಕಸಾಲೆಯದು ಎಂದು ವಿಂಗಡಿಸಿ ಡಬ್ಬಿಗಳಲ್ಲಿ ಕೂಡಿಡುತ್ತಿದ್ದೆ. ನಾನು ಅದನ್ನು ಸಂಗ್ರಹ ಎನ್ನುತ್ತಿದ್ದೆ, ನನ್ನ ಹೆಂಡತಿ ಚಿಲ್ಲರೆ ಎನ್ನುತ್ತಿದ್ದಳು. ಹಾಲಿನವನಿಗೆ ಕೊಡಲು ಚಿಲ್ಲರೆ ಇಲ್ಲದಾಗ ಅವಳ ಮಾತೇ ನಡೆಯುತ್ತಿತ್ತು.

ಒಮ್ಮೆ ಬೆಂಗಳೂರಿನಲ್ಲಿ ನಾಣ್ಯ ಪ್ರದರ್ಶನ ನೋಡಲು ಹೋದೆ. ಅಲ್ಲಿ ಸರ್ಕಾರಿ ಟಂಕಸಾಲೆಯವರೇ ಪೆಟ್ಟಿಗೆಯಲ್ಲಿಟ್ಟು ಸೀಲು ಮಾಡಿ ಮಾರುವ ಸೆಟ್ಟುಗಳಿದ್ದವು. ಪಕ್ಕದ ಮೇಜಿನ ಮೇಲೆ ಇನ್ನೊಂದು ಬಗೆಯವು. ವ್ಯಾಪಾರಿಗಳು ಬ್ಯಾಂಕಿನಿಂದ ಹೊಸ ನಾಣ್ಯ ತಂದು, ತಾವೇ ಕಾರ್ಡಿನಲ್ಲಿ ಕೂರಿಸಿ, ಮೇಲೆ ಪ್ಲಾಸ್ಟಿಕ್ ಹೊದಿಸಿದ್ದರು. ಎರಡಕ್ಕೂ ಏನು ವ್ಯತ್ಯಾಸ ಎಂದು ಅಲ್ಲಿದ್ದವರನ್ನು ಕೇಳಿದೆ.

“ಅದು ಸರ್ಕಾರದ ಪ್ಯಾಕಿಂಗ್ ಸಾರ್, ಅದಕ್ಕೊಂದು ಬೆಲೆ ಇದೆ. ಇದು ನಮ್ಮದು. ನಾಣ್ಯ ಎರಡರಲ್ಲೂ ಒಂದೇ” ಎಂದರು.

ಅವರು ಹೇಳಿದ್ದು ಮೂರು ಮಾತು. ನನ್ನ ಕಿವಿಗೆ ಬಿದ್ದದ್ದು ಕೊನೆಯದೊಂದೇ. ನಾಣ್ಯ ಒಂದೇ ಆದಮೇಲೆ ಕಾರ್ಡು ಮಾಡುವುದು ಡ್ರಾಯಿಂಗ್ ಮೇಷ್ಟ್ರಿಗೆ ಒಂದು ಕೆಲಸವೇ ಎಂದುಕೊಂಡು ಊರಿಗೆ ಬಂದೆ. ಅದೇ ತಿಂಗಳು ಬ್ಯಾಂಕಿನವರು ನಾಣ್ಯ ಮೇಳ ನಡೆಸಿದರು. ಸೀಲು ಒಡೆಯದ ಚೀಲಗಳಿಂದ ಆಗತಾನೇ ಸುರಿದ ಐವತ್ತು ಪೈಸೆ, ಒಂದು, ಎರಡು, ಐದು, ಹತ್ತು ರೂಪಾಯಿಗಳು. ನಾನು ಕರವಸ್ತ್ರ ಸುತ್ತಿದ ಬೆರಳಿನಲ್ಲಿ ಒಂದೊಂದೇ ಎತ್ತಿಕೊಂಡೆ. ಹಿಂದೆ ಸಾಲಿನಲ್ಲಿ ನಿಂತಿದ್ದ ತರಕಾರಿ ವ್ಯಾಪಾರಿಯೊಬ್ಬರು “ಸಾಮಿ, ಮಡೀನಾ?” ಎಂದು ಕೇಳಿದರು.

ಸೆಟ್ಟಿನ ವಿನ್ಯಾಸ ಪೂರ್ತಿ ನನ್ನದೇ. ದಪ್ಪ ಕಾರ್ಡಿನಲ್ಲಿ ಐದು ಗುಂಡಿ. ಒಂದೊಂದರಲ್ಲೂ ಒಂದು ನಾಣ್ಯ, ಅಲ್ಲಾಡದಂತೆ ಹಿಂದೆ ಒಂದು ತೊಟ್ಟು ಗೋಂದು. ಸುತ್ತ ಬಳ್ಳಿಯ ಅಂಚು. ಮೇಲೆ ಸ್ಟೇಷನರಿ ಅಂಗಡಿಯ ಮೆತ್ತನೆಯ ಪ್ಲಾಸ್ಟಿಕ್ ಕವರು. ಹಿಂಬದಿಯಲ್ಲಿ ನನ್ನ ಹೆಸರು, ಹುದ್ದೆ, ಊರು. ಹೆಂಡತಿಗೆ ತೋರಿಸಿದೆ. ಅವಳು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

“ಚೆನ್ನಾಗೈತೆ ಕಣ್ರೀ. ಎಂಟನೇ ಕ್ಲಾಸ್ ಮಕ್ಕಳು ಮಾಡಿರೋ ಹಂಗೇನಿಲ್ಲ. ಹತ್ತನೇ ಕ್ಲಾಸಿನವರು ಮಾಡಿರೋ ಹಂಗೈತೆ.”

ಶೀರ್ಷಿಕೆಯದೇ ತೊಡಕಾಯಿತು. ಯಾರ ಕೈಗೂ ಹೋಗದೆ, ಟಂಕಸಾಲೆಯ ಹೊಳಪು ಮಾಸದೆ ಇರುವ ನಾಣ್ಯಕ್ಕೆ ಇಂಗ್ಲಿಷಿನಲ್ಲಿ ಅನ್‌ಸರ್ಕ್ಯುಲೇಟೆಡ್ ಎನ್ನುತ್ತಾರೆ. ಅದಕ್ಕೆ ಕನ್ನಡದಲ್ಲಿ ಏನನ್ನುವುದು? ಸ್ಟಾಫ್ ರೂಮಿನಲ್ಲಿ ಎದುರಿಗೇ ಕನ್ನಡ ಪಂಡಿತರು ಕೂರುತ್ತಿದ್ದರು, ಕೇಳಬಹುದಿತ್ತು. ಕೇಳಲಿಲ್ಲ. ನಾನೇ ಯೋಚಿಸಿ, ಕಪ್ಪು ಶಾಯಿಯಲ್ಲಿ ದುಂಡಗೆ ಬರೆದೆ: “ಚಲಾವಣೆಯಾಗದ ನಾಣ್ಯಗಳು.” ‘ಳ’ ಅಕ್ಷರದ ಬಾಲಕ್ಕೆ ಒಂದು ಸುರುಳಿ ಕೊಟ್ಟೆ. ಆ ಸುರುಳಿಗಾಗಿ ಅಭ್ಯಾಸ ಮಾಡಿದ್ದೇ ಅರ್ಧ ದಿನ.

ಮೊದಲ ಸೆಟ್ಟನ್ನು ಹೋಳೂರಿನ ಒಂದು ಮದುವೆಗೆ ಒಯ್ದೆ. ಹುಡುಗಿ ನನ್ನ ಹಳೆಯ ವಿದ್ಯಾರ್ಥಿನಿ. ನಮ್ಮ ಕಡೆ ಮುಯ್ಯಿ ಓದಿಸುವುದುಂಟು. ಯಾರು ಏನು ಕೊಟ್ಟರು ಎಂದು ಒಬ್ಬರು ಮೈಕಿನಲ್ಲಿ ಕೂಗಿ ಹೇಳುತ್ತಾರೆ. ಅವತ್ತು ಮೈಕು ಹಿಡಿದಿದ್ದವರು ಹುಡುಗಿಯ ಸೋದರಮಾವ, ಗಟ್ಟಿ ಗಂಟಲಿನ ರೈತ. ನನ್ನ ಕಾರ್ಡನ್ನು ಎತ್ತಿ ಹಿಡಿದು ಓದಿದರು.

“ಡ್ರಾಯಿಂಗ್ ಮೇಷ್ಟ್ರ ಮುಯ್ಯಿ... ಚಲಾವಣೆಯಾಗದ ನಾಣ್ಯಗಳು!” ಮೈಕು ಒಂದು ಕ್ಷಣ ಗೊರಗುಟ್ಟಿತು. “ಏನ್ ಮೇಷ್ಟ್ರೇ, ನಡೀದೇ ಇರೋ ಕಾಸು ತಂದಿದ್ದೀರಲ್ಲಾ?”

ಚಪ್ಪರವೆಲ್ಲಾ ನಕ್ಕಿತು. ನಾನು ಊಟದ ಸಾಲಿನಿಂದ ಎದ್ದು ಹೋಗಿ ವಿವರಿಸಿದೆ. “ಹಾಗಲ್ಲ. ಇನ್ನೂ ಯಾರ ಕೈಗೂ ಹೋಗಿಲ್ಲ ಅಂತ ಅರ್ಥ.”

ಅವರು ಮೈಕನ್ನು ಆರಿಸದೆಯೇ ಕೇಳಿದರು. “ಯಾರೂ ಇಸ್ಕೊಂಡಿಲ್ಲ ಅಂತ ತಾನೇ?”

ಆಮೇಲಿನ ಸೆಟ್ಟುಗಳ ಮೇಲೆಲ್ಲಾ “ಹೊಚ್ಚ ಹೊಸ ನಾಣ್ಯಗಳು” ಎಂದು ಬರೆದೆ. ಸಹೋದ್ಯೋಗಿಗಳ ಗೃಹಪ್ರವೇಶ, ನಾಮಕರಣ, ನಿವೃತ್ತಿ ಎಲ್ಲಕ್ಕೂ ಅದೇ ಉಡುಗೊರೆ. ಕೊಡುವಾಗ ಒಂದು ಸಣ್ಣ ಭಾಷಣವೂ ಇರುತ್ತಿತ್ತು. “ಕವರು ಬಿಚ್ಚಬೇಡಿ, ಬಿಚ್ಚಿದರೆ ಬೆಲೆ ಹೋಗುತ್ತೆ. ಇಪ್ಪತ್ತು ವರ್ಷ ಇಡಿ, ಆಮೇಲೆ ನನ್ನನ್ನ ನೆನೆಸಿಕೊಳ್ತೀರಿ.” ಕ್ರಮೇಣ ಜನ ನನ್ನನ್ನು ನಾಣ್ಯದ ಮೇಷ್ಟ್ರು ಎನ್ನತೊಡಗಿದರು. ನಾನು ಒಂದು ಭೂತಗನ್ನಡಿ ಕೊಂಡು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡೆ. ಮನೆಗೆ ಯಾರಾದರೂ ನಾಣ್ಯ ತಂದರೆ ಮೊದಲು ಆ ಗಾಜನ್ನು ಒರೆಸುತ್ತಿದ್ದೆ, ಆಮೇಲೆ ಹೂಂ ಎನ್ನುತ್ತಿದ್ದೆ, ಆಮೇಲೆ ಹೊರಗೆ ನೋಡುತ್ತಿದ್ದೆ. ಇಷ್ಟು ಮಾಡಿದರೆ ಏನು ಹೇಳಿದರೂ ನಂಬುತ್ತಾರೆ ಎಂಬುದು ನಾನು ಆ ಹವ್ಯಾಸದಲ್ಲಿ ಸ್ವಂತವಾಗಿ ಕಂಡುಕೊಂಡ ಒಂದೇ ಸಂಗತಿ.

ನಿವೃತ್ತನಾಗಿ ಕೆಲವು ವರ್ಷವಾದ ಮೇಲೆ, ಒಂದು ದಿನ ಮುಳಬಾಗಿಲಿನ ಆಚೆ, ಆಂಧ್ರದ ಗಡಿ ಹತ್ತಿರದ ಹಳ್ಳಿಯಿಂದ ಒಬ್ಬ ಹೆಂಗಸು ಫೋನು ಮಾಡಿದಳು.

“ನಾಣ್ಯದ ಮೇಷ್ಟ್ರಾ ಸಾರ್? ನಮ್ ಮದ್ವೇಲಿ ಬಂದಿದ್ದು ಒಂದು ನಾಣ್ಯದ ಸೆಟ್ಟೈತೆ. ಫೋನಾಗೆ ಒಬ್ರು ಮೂರು ಲಕ್ಷ ಕೊಡ್ತೀವಿ ಅಂತಾರೆ. ಮೊದ್ಲು ರಿಜಿಸ್ಟ್ರೇಷನ್ನಿಗೆ ದುಡ್ಡು ಹಾಕಿ ಅಂತಾರೆ.”

“ಹಾಕಿದೆಯೇನಮ್ಮ?”

“ಇಲ್ಲ ಸಾರ್. ಮೂರು ಲಕ್ಷ ಕೊಡೋರು ನನ್ನ ಹತ್ರ ಯಾಕೆ ಇಸ್ಕೊಂತಾರೆ?”

ಇಷ್ಟು ತಿಳಿದವಳಿಗೆ ನನ್ನ ಅಗತ್ಯವೇ ಇರಲಿಲ್ಲ. ಆದರೂ ಅವಳಿಗೊಂದು ಇಕ್ಕಟ್ಟಿತ್ತು. ಯಲ್ದೂರಿನಲ್ಲಿ ಅವಳ ಚಿಕ್ಕಮ್ಮನ ಮಗಳ ಮದುವೆ. ಆ ಸೆಟ್ಟನ್ನೇ ಉಡುಗೊರೆ ಕೊಟ್ಟುಬಿಡೋಣ ಎಂದು ಅವಳ ಯೋಚನೆ. ಬೇಡ, ಲಕ್ಷ ಬಾಳುವುದನ್ನು ಯಾರಾದರೂ ಕೊಡುತ್ತಾರಾ ಎಂದು ಅತ್ತೆಯ ಹಟ. ನಿಜವಾದ ಬೆಲೆ ಗೊತ್ತಾದರೆ ಮನೆಯಲ್ಲಿ ಜಗಳ ತಪ್ಪುತ್ತದೆ, ಒಂದು ಸಲ ಬಂದು ನೋಡಿ ಎಂದಳು. ನಾನು ಡೈರಿ ನೋಡುವವನಂತೆ ಸ್ವಲ್ಪ ಹೊತ್ತು ಸುಮ್ಮನಿದ್ದೆ. ನನ್ನ ಬಳಿ ಡೈರಿಯಿಲ್ಲ. ಬರುತ್ತೇನೆ ಎಂದೆ.

ಮುಳಬಾಗಿಲಿಗೆ ಬಸ್ಸಿನಲ್ಲಿ, ಅಲ್ಲಿಂದ ಆಟೋದಲ್ಲಿ ಹೋದೆ. ರೇಷ್ಮೆ ಸಾಕುವ ಮನೆ. ಪಡಸಾಲೆಯಲ್ಲಿ ಹುಳು ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದು ಮಳೆ ಹನಿದಂತೆ ಕೇಳುತ್ತಿತ್ತು. ಮೂವತ್ತರ ಆಸುಪಾಸಿನ ಹೆಂಗಸು, ಕೈಯಲ್ಲಿ ಸೊಪ್ಪಿನ ಹಸಿರು ಬಣ್ಣ. ಅವಳ ಅತ್ತೆ ಗೋಡೆಗೆ ಒರಗಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ನನ್ನನ್ನು ಕಂಡದ್ದೇ ತೆಲುಗಿನಲ್ಲಿ “ರಂಡಿ ಅಯ್ಯವಾರೂ, ಕೂರ್ಚೋಂಡಿ”, ಬನ್ನಿ ಮೇಷ್ಟ್ರೇ ಕೂತುಕೊಳ್ಳಿ, ಎಂದು ಚಾಪೆ ತೋರಿಸಿದರು. ನಾನು ಕೂತೆ. ಭೂತಗನ್ನಡಿ ಒರೆಸಿದೆ.

ಆಕೆ ಒಳಗಿನಿಂದ ರೇಷ್ಮೆ ಸೀರೆಯ ಡಬ್ಬ ತಂದು, ಸೀರೆಯ ಮಡಿಕೆಯೊಳಗಿಂದ ಕಾರ್ಡನ್ನು ತೆಗೆದು ನನ್ನ ಕೈಗಿಟ್ಟಳು.

ಬಳ್ಳಿಯ ಅಂಚು. ಐದು ಗುಂಡಿ. “ಚಲಾವಣೆಯಾಗದ ನಾಣ್ಯಗಳು.” ‘ಳ’ದ ಬಾಲಕ್ಕೆ ಸುರುಳಿ.

ಆ ಶೀರ್ಷಿಕೆಯಿದ್ದ ಸೆಟ್ಟು ನಾನು ಮಾಡಿದ್ದು ಒಂದೇ ಒಂದು. ಹೋಳೂರಿನ ಮದುವೆಗೆ ಕೊಟ್ಟದ್ದು.

ಮೊದಲು ಆದದ್ದು ಸಂತೋಷವೇ, ಸುಳ್ಳು ಹೇಳುವುದಿಲ್ಲ. ಇಷ್ಟು ವರ್ಷದ ಮೇಲೂ ಶಾಯಿ ಮಾಸಿರಲಿಲ್ಲ. ಆಮೇಲೆ ಗಾಬರಿಯಾಯಿತು. ಹೋಳೂರಿನದು ಇಲ್ಲಿಗೆ ಹೇಗೆ ಬಂತು? ಯಾರು ಕೊಟ್ಟದ್ದು ಎಂದು ಕೇಳಿದೆ.

“ಮಾಲೂರಿನ ನಮ್ ದೊಡ್ಡಮ್ಮ ಸಾರ್. ಸರ್ಕಾರ ಚಲಾವಣೆ ನಿಲ್ಸಿರೋ ನಾಣ್ಯ, ಎಲ್ಲೂ ಸಿಗಲ್ಲ, ಜೋಪಾನ ಅಂತ ಹೇಳಿ ಕೊಟ್ರು. ಫೋನಿನೋರೂ ಅದನ್ನೇ ಅಂದ್ರು. ಚಲಾವಣೆ ಆಗದೇ ಇರೋದಕ್ಕೇ ಲಕ್ಷ ಅಂತೆ.”

ಕಾರ್ಡು ತಿರುಗಿಸಿದೆ. ನನ್ನ ಹೆಸರಿನ ಜಾಗದಲ್ಲಿ ಹೂವಿನ ಚಿತ್ರದ ಚೀಟಿ, ಅದರ ಮೇಲೆ ದೊಡ್ಡಮ್ಮನ ಹೆಸರು. ಬೆರಳಾಡಿಸಿದರೆ ಚೀಟಿ ದಪ್ಪಗಿತ್ತು. ಕೆಳಗೆ ಇನ್ನೂ ಚೀಟಿಗಳಿವೆ ಎಂದು ಗೊತ್ತಾಯಿತು.

“ಏಮಯ್ಯವಾರೂ, ಲಕ್ಷ ವಸ್ತುಂದಾ?” ಎಂದರು ಅತ್ತೆ. ಲಕ್ಷ ಬರುತ್ತಾ ಎಂದು.

ಇದು ನಾನೇ ಮಾಡಿದ್ದಮ್ಮ, ಹದಿನೆಂಟೂವರೆ ರೂಪಾಯಿಯ ನಾಣ್ಯ ಎಂದು ಆಗಲೇ ಹೇಳಿ ಎದ್ದು ಬರಬಹುದಿತ್ತು. ಅದರ ಬದಲು ನಾನು ಭೂತಗನ್ನಡಿಯನ್ನು ಕಣ್ಣಿಗಿಟ್ಟು, ಹೂಂ ಎಂದು, ಹಿಪ್ಪುನೇರಳೆ ತೋಟದ ಕಡೆ ನೋಡಿ, ಹೀಗೆಂದೆ:

“ಇದು ಸರ್ಕಾರಿ ಸೆಟ್ಟಲ್ಲಮ್ಮ. ಖಾಸಗಿಯಾಗಿ ತಯಾರಾದದ್ದು. ಆದರೆ ಕೆಲಸ ಬಹಳ ಅಚ್ಚುಕಟ್ಟಾಗಿದೆ. ಮಾಡಿದವರು ಯಾರೋ ಒಳ್ಳೆಯ ಕಲಾವಿದರಿರಬೇಕು.”

ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ.

“ಅದಿರ್ಲಿ ಸಾರ್, ಎಷ್ಟು ಸಿಕ್ತದೆ?” ಎಂದಳು ಆಕೆ.

ಕೋಲಾರದಲ್ಲಿ ಒಬ್ಬರಿಗೆ ತೋರಿಸಿ ಹೇಳಬೇಕು ಎಂದೆ. ಆಕೆ ಒಪ್ಪಿದಳು. ಒಪ್ಪಿ, ಮೊಬೈಲು ಎತ್ತಿ, ಕಾರ್ಡು ಹಿಡಿದುಕೊಂಡ ನನ್ನದೊಂದು ಫೋಟೋ ತೆಗೆದಳು. “ಬೇಜಾರ್ ಮಾಡ್ಕೋಬೇಡಿ ಸಾರ್. ನಮ್ಮತ್ತೆಗೆ ಧೈರ್ಯಕ್ಕೆ.” ಅತ್ತೆ ಎಲೆ ಅಡಿಕೆ ಜಗಿಯುತ್ತಾ ತಲೆಯಾಡಿಸಿದರು.

ಕೋಲಾರದಲ್ಲಿ ನನಗೆ ಗೊತ್ತಿದ್ದವರು ಒಬ್ಬ ವಾಚ್ ರಿಪೇರಿ ಸಾಹೇಬರು. ನನಗಿಂತ ಹಿರಿಯರು. ಅಂಗಡಿ ಮಂಚದಷ್ಟೇ ಅಗಲ. ವಾಚಿನ ಕೆಲಸ ಕಡಿಮೆಯಾದ ಮೇಲೆ ನಾಣ್ಯ ಕೊಳ್ಳುವುದು ಮಾರುವುದು ಹೆಚ್ಚಾಗಿತ್ತು. ಅವರಿಗೆ ನಾಣ್ಯ ನಿಜವಾಗಿಯೂ ಗೊತ್ತು. ಅದಕ್ಕಾಗಿಯೇ ನಾನು ಅವರ ಅಂಗಡಿಗೆ ಹೆಚ್ಚು ಹೋಗುತ್ತಿರಲಿಲ್ಲ. ನನ್ನ ಸೆಟ್ಟುಗಳನ್ನು ಅವರಿಗೆ ಒಮ್ಮೆಯೂ ತೋರಿಸಿರಲಿಲ್ಲ.

ಸಾಹೇಬರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕಾರ್ಡನ್ನು ನೋಡಿದರು. ಬಳ್ಳಿಯ ಅಂಚನ್ನು ನೋಡಲೇ ಇಲ್ಲ.

“ಬಿಚ್ಚಿ ನೋಡ್ಬೇಕು ಮಾಸ್ಟರ್.”

“ಬಿಚ್ಚಿದರೆ ಬೆಲೆ ಹೋಗಲ್ವಾ ಸಾಹೇಬ್ರೇ?”

“ಸರ್ಕಾರದ ಪ್ಯಾಕಿಂಗ್ ಆದ್ರೆ ಹೋಗ್ತದೆ. ಅದು ಒಳಗಿರೋದಕ್ಕೆ ಸಾಕ್ಷಿ. ಇದು ಯಾರೋ ಮನೇಲಿ ಮಾಡಿರೋದು. ಹಳೇ ನಾಣ್ಯಾನ ಹುಣಿಸೇಹಣ್ಣಲ್ಲಿ ತಿಕ್ಕಿ ಇಟ್ರೂ ಇಟ್ಟಿರಬಹುದು, ಯಾರಿಗೆ ಗೊತ್ತು? ಇಂಥದಕ್ಕೆ ಕಾರ್ಡ್ ಮೇಲೆ ಏನು ಬರ್ದವ್ರೆ ಅಂತ ಓದ್ಬಾರ್ದು. ಒಂದೊಂದೇ ನಾಣ್ಯ ಹೊರಗೆ ತೆಗೀಬೇಕು. ಯಾವ ಇಸವಿ, ಯಾವ ಟಂಕಸಾಲೆ ಗುರುತು, ಗೀರು ಐತಾ, ಕಲೆ ಐತಾ, ಹೊಳಪು ಹುಟ್ಟಿದ್ದಾ, ಉಜ್ಜಿದ್ದಾ. ಒಂದೊಂದಕ್ಕೆ ಬೆಲೆ ಕಟ್ಟಿ ಕೂಡಿದ್ರೆ ಅದೇ ಸೆಟ್ಟಿನ ಬೆಲೆ. ಕಾರ್ಡ್‌ಗೆ ಸೊನ್ನೆ.”

ಮಾಲೀಕಳನ್ನು ಕೇಳದೆ ಬಿಚ್ಚುವುದು ಸರಿಯಲ್ಲ ಎಂದು ಮುಳಬಾಗಿಲಿಗೆ ಫೋನು ಮಾಡಿದೆ. ಬೇಡ ಎನ್ನಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. “ಬಿಚ್ಚಿ ಸಾರ್, ಒಂದು ತೀರ್ಮಾನ ಆಗೋಗ್ಲಿ” ಎಂದಳು.

ಸಾಹೇಬರು ಸಣ್ಣ ಬ್ಲೇಡಿನಿಂದ ಪ್ಲಾಸ್ಟಿಕ್ ಸೀಳಿದರು. ಸೀಳಿದೊಡನೆ ಒಂದು ಹುಳಿ ವಾಸನೆ ಬಂತು. ಐದು ರೂಪಾಯಿಯ ಮೇಲೆ ಹಸಿರು ಅಂಟು ಕೂತಿತ್ತು. ಹತ್ತು ರೂಪಾಯಿಯ ಹಳದಿ ಬಳೆಯ ಸುತ್ತಲೂ ಅದೇ ಹಸಿರು.

“ನೋಡಿ ಮಾಸ್ಟರ್. ಈ ಮೆತ್ತಗಿನ ಪ್ಲಾಸ್ಟಿಕ್ ಐತಲ್ಲ, ಇದು ನಿಧಾನಕ್ಕೆ ಬೆವರ್ತದೆ. ತಾಮ್ರ ಬೆರೆತಿರೋ ನಾಣ್ಯಾನ ತಿಂದ್ ಹಾಕ್ತದೆ. ಹಾಗೇ ಜೇಬಲ್ಲಿ ಇಟ್ಟಿದ್ರೂ ಇದಕ್ಕಿಂತ ಚೆನ್ನಾಗಿರ್ತಿತ್ತು.” ಚಿಮುಟದಿಂದ ನಾಣ್ಯ ಎಬ್ಬಿಸಲು ನೋಡಿದರು. ಬರಲಿಲ್ಲ. ಮತ್ತೆ ಎಬ್ಬಿಸಿದರು. ಕಾರ್ಡಿನ ತುಣುಕಿನ ಸಮೇತ ಕಿತ್ತು ಬಂತು. ಹಿಂದೆ ಕಂದು ಬಣ್ಣದ ಕಲೆ. ಸಾಹೇಬರು ಮಸೂರವನ್ನು ಹಣೆಗೆ ಏರಿಸಿ ನನ್ನನ್ನು ನೋಡಿದರು.

“ಗೋಂದು ಹಾಕವ್ನೆ! ಹೊಸಾ ನಾಣ್ಯಕ್ಕೆ ಗೋಂದು! ಯಾರ್ರೀ ಇವನು?”

ನಾನು ಗೋಡೆಯ ಗಡಿಯಾರಗಳನ್ನು ನೋಡುತ್ತಿದ್ದೆ. ಒಂದೊಂದು ಒಂದೊಂದು ಸಮಯ ತೋರಿಸುತ್ತಿದ್ದವು.

“ಎಷ್ಟಾಗುತ್ತೆ ಸಾಹೇಬ್ರೇ?”

“ಒಟ್ಟು ಹದಿನೆಂಟೂವರೆ. ಎಲ್ಲಾ ಸಾಮಾನ್ಯ ಇಸವಿ, ಜಾಸ್ತಿ ಕೊಡೋಕೆ ಏನಿಲ್ಲ. ಐವತ್ತು ಪೈಸೆ ಅಂಗಡಿಯೋರು ಮುಟ್ಟಲ್ಲ. ಹದಿನೆಂಟು. ಹತ್ತು ರೂಪಾಯಿ ಕಾನೂನಲ್ಲಿ ನಡೀತದೆ, ನಮ್ ಕಡೆ ಅಂಗಡೀಲಿ ನಡೆಯಲ್ಲ, ಅದೂ ಈ ಹಸಿರು ನೋಡಿದ್ರೆ ಓಡಿಸ್ತಾರೆ. ಎಂಟು. ಐದು ರೂಪಾಯೀನೂ ಹಸಿರೇ. ಮೂರು ಉಳೀತು. ಒಂದು ರೂಪಾಯಿ, ಎರಡು ರೂಪಾಯಿ ಉಕ್ಕಿಂದು, ಏನೂ ಆಗಿಲ್ಲ. ಗೋಂದು ತೊಳೆದ್ರೆ ಮೂರು ರೂಪಾಯಿ ಗ್ಯಾರಂಟಿ.”

ಅಲ್ಲಿಗೆ ಮುಗಿಯಿತು ಎಂದು ಎಲ್ಲವನ್ನೂ ಗುಡ್ಡೆ ಮಾಡಿಕೊಳ್ಳಲು ಕೈ ಚಾಚಿದೆ. ಸಾಹೇಬರಿಗೆ ಕುತೂಹಲ ತಣಿದಿರಲಿಲ್ಲ. ಕಾರ್ಡನ್ನು ತಿರುಗಿಸಿ ಹೂವಿನ ಚೀಟಿಯ ಮೂಲೆಯನ್ನು ಚಿಮುಟದಲ್ಲಿ ಹಿಡಿದು ಎಳೆದರು. ದೊಡ್ಡಮ್ಮನ ಕೆಳಗೆ ಶ್ರೀನಿವಾಸಪುರದವರೊಬ್ಬರ ಹೆಸರು, ಗೃಹಪ್ರವೇಶದ ಶುಭಾಶಯ. ಅದರ ಕೆಳಗೆ ಹೋಳೂರಿನ ದಂಪತಿಗಳು, ಇನ್ನಾವುದೋ ಸಮಾರಂಭದ ಶುಭಾಶಯ. ಸಾಹೇಬರು ನಗತೊಡಗಿದರು. “ಚಲಾವಣೆಯಾಗದ್ದು ಅಂತ ಬರ್ದವ್ರೆ, ಕೋಲಾರ ಜಿಲ್ಲೆಯೆಲ್ಲಾ ಸುತ್ತೈತೆ!”

“ಸಾಕು ಬಿಡಿ ಸಾಹೇಬ್ರೇ” ಎಂದೆ.

“ಇನ್ನೊಂದೈತೆ, ತಾಳಿ.” ಒಂದು ತೊಟ್ಟು ನೀರು ಹಾಕಿ ಉಜ್ಜಿ ಕೊನೆಯ ಚೀಟಿಯನ್ನೂ ಎಬ್ಬಿಸಿದರು. ಮಸೂರವನ್ನು ಮತ್ತೆ ಕಣ್ಣಿಗೆ ಇಳಿಸಿ ಓದಿದರು. ಹೆಸರು ಓದಿದರು. ಚಿತ್ರಕಲಾ ಶಿಕ್ಷಕರು ಎಂದು ಓದಿದರು. ಶ್ರೀನಿವಾಸಪುರ ಎಂದು ಓದುವಾಗ ದನಿ ಇಳಿದಿತ್ತು.

ಸಾಹೇಬರು ಕಾರ್ಡನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಎದುರಿನ ಹೋಟೆಲಿಗೆ ಎರಡು ಟೀ ಎಂದು ಸನ್ನೆ ಮಾಡಿದರು. ಟೀ ಬಂದು, ಅರ್ಧ ಕುಡಿದ ಮೇಲೆ ಬಾಯಿಬಿಟ್ಟರು.

“ಅಕ್ಷರ ಮಾತ್ರ ಬಹಳ ಚೆನ್ನಾಗೈತೆ ಮಾಸ್ಟರ್.”

ಆಮೇಲೆ ಅವರೇ ನಾಣ್ಯಗಳನ್ನು ಯಾವುದೋ ದ್ರಾವಣದಲ್ಲಿ ಅದ್ದಿ, ಅಂಟನ್ನೂ ಗೋಂದನ್ನೂ ಬಿಡಿಸಿ ಕೊಟ್ಟರು. ಹಸಿರು ಹೋಯಿತು, ಅದರ ಕೆಳಗಿನ ಕಲೆ ಹೋಗಲಿಲ್ಲ. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ನಗಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. “ನಾಳೆ ಮುಳಬಾಗಿಲಿಗೆ ಹೋಗಿ ಹೇಳ್ಬಿಟ್ ಬನ್ನಿ. ಫೋನಲ್ಲಿ ಹೇಳ್ಬೇಡಿ. ಫೋನಲ್ಲಿ ಆದ್ರೆ ನೀವು ಅರ್ಧ ಹೇಳಿ ಇಟ್ಬಿಡ್ತೀರಾ” ಎಂದಳು.

ಮರುದಿನ ಅದೇ ಬಸ್ಸು, ಅದೇ ಆಟೋ. ಭೂತಗನ್ನಡಿಯನ್ನು ಮನೆಯಲ್ಲೇ ಬಿಟ್ಟು ಹೋಗಿದ್ದೆ. ಚಾಪೆಯ ಮೇಲೆ ನಾಣ್ಯಗಳನ್ನು ಇಟ್ಟು, ಕಾರ್ಡು, ಕಿತ್ತ ಚೀಟಿಗಳನ್ನು ಇಟ್ಟು, ಎಲ್ಲವನ್ನೂ ಹೇಳಿದೆ. ಫೋನಿನವರು ಮೋಸಗಾರರು, ಅವರಿಗೆ ಒಂದು ಪೈಸೆ ಕಳಿಸಬೇಡಿ ಎಂದು ಮೊದಲು ಹೇಳಿದೆ. ಆಮೇಲೆ ಮೂರು ರೂಪಾಯಿ ಎಂದೆ. ಆಮೇಲೆ ಇದನ್ನು ಮಾಡಿದವನು ನಾನೇ ಎಂದೆ.

ಆಕೆ ಕಾರ್ಡಿನ ಹಿಂಬದಿ ಓದಿದಳು. ತುಸು ಹೊತ್ತು ಲೆಕ್ಕಾಚಾರ ಮಾಡುವವಳಂತೆ ನನ್ನನ್ನು ನೋಡಿದಳು.

“ಹಂಗಾದ್ರೆ ಅವತ್ತು ಒಳ್ಳೇ ಕಲಾವಿದರಿರ್ಬೇಕು ಅಂದ್ರಲ್ಲ ಸಾರ್... ಅದು ನೀವೇನಾ?”

“ಹೂಂ ಕಣಮ್ಮ.”

ಆಕೆ ಸೆರಗು ಬಾಯಿಗೆ ಒತ್ತಿಕೊಂಡಳು. ಅತ್ತೆಗೆ ನನ್ನ ಕನ್ನಡ ಪೂರ್ತಿ ತಲೆಗೆ ಹತ್ತಿರಲಿಲ್ಲ. ಸೊಸೆ ತೆಲುಗಿನಲ್ಲಿ ಬಿಡಿಸಿ ಹೇಳಿದಳು. ಅದು ನನಗೂ ಅರ್ಥವಾಗುತ್ತದೆ ಎಂಬುದನ್ನು ಇಬ್ಬರೂ ಮರೆತಿದ್ದರು. ತೆಲುಗಿನಲ್ಲಿ ಕೇಳಿದಾಗ ನನ್ನ ಕಥೆ ಇನ್ನೂ ಕೆಟ್ಟದಾಗಿತ್ತು. ಅತ್ತೆ ನಕ್ಕು ನಕ್ಕು ಎಲೆ ಅಡಿಕೆ ನೆತ್ತಿಗೇರಿ ಕೆಮ್ಮಿದರು, ನೀರು ಕುಡಿದರು, ಮತ್ತೆ ನಕ್ಕರು. ಮೂರು ಲಕ್ಷ ಕಳೆದುಕೊಂಡವರ ಮುಖ ಅದಾಗಿರಲಿಲ್ಲ. ನನಗೆ ಆಗ ಧೈರ್ಯ ಬಂತು.

“ಹೊಸದಾಗಿ ಮಾಡಿಕೊಡ್ತೀನಮ್ಮ. ಗೋಂದಿಲ್ಲ, ಈ ಪ್ಲಾಸ್ಟಿಕ್ ಇಲ್ಲ. ಯಲ್ದೂರಿನ ಮದುವೆಗೆ ಕೊಡಬಹುದು.”

“ಬೇಡ ಸಾರ್” ಎಂದಳು ತಟ್ಟನೆ. “ಅವಳು ಇನ್ಯಾರ ಮದ್ವೇಗೋ ಕೊಡ್ತಾಳೆ. ನಾನು ಕುಕ್ಕರ್ ಕೊಡ್ತೀನಿ, ಅದಾದ್ರೆ ಇಟ್ಕೊಂತಾಳೆ.”

ಆಮೇಲೆ ಚೀಟಿಗಳನ್ನು ಒಂದೊಂದಾಗಿ ಓದಿದಳು. “ಅಯ್ಯೋ ನಮ್ ದೊಡ್ಡಮ್ಮಾ! ಎಲ್ಲೂ ಸಿಗಲ್ಲ ಅಂತ ಹೇಳಿ ಕೊಟ್ಳಲ್ಲ ಸಾರ್, ಅವಳಿಗೆ ಗೃಹಪ್ರವೇಶದಾಗೆ ಸಿಕ್ಕಿತ್ತು!” ಈ ಸುದ್ದಿ ಆಕೆಗೆ ಮೂರು ಲಕ್ಷಕ್ಕಿಂತ ಹೆಚ್ಚು ಬಾಳುವಂತೆ ಕಂಡಿತು. ಚೀಟಿಗಳನ್ನು ಜೋಪಾನವಾಗಿ ಸೀರೆಯ ಡಬ್ಬಕ್ಕೆ ಹಾಕಿಕೊಂಡಳು. ನಾಣ್ಯಗಳನ್ನು ದೀಪದ ಗೂಡಿನಲ್ಲಿಟ್ಟಳು.

ನಾನು ಹೊರಡುವಾಗ ಬಾಗಿಲವರೆಗೂ ಬಂದಳು.

“ಇಂಥವು ಎಷ್ಟು ಮಾಡಿದ್ದೀರಾ ಸಾರ್?”

“ಸುಮಾರು ನಲವತ್ತು.”

“ಅವೂ ಹಸಿರು ಕಟ್ಟಿರ್ತವಲ್ಲ ಸಾರ್. ಅವರಿಗೆಲ್ಲಾ ಹೇಳ್ಬೇಡ್ವಾ?”

ಸುಮ್ಮನೆ ಕೇಳಿದ ಮಾತು ಅದು. ಆದರೆ ಆಟೋದಲ್ಲೂ ಬಸ್ಸಿನಲ್ಲೂ ಅದೇ ಕೊರೆಯಿತು. ಮಾರನೆಯ ದಿನ ಒಂದು ಪಟ್ಟಿ ಮಾಡಿದೆ. ನೆನಪಿಗೆ ಬಂದದ್ದು ಮೂವತ್ತೇಳು ಮನೆ. ವಾರಕ್ಕೆ ಎರಡು ದಿನದಂತೆ ಹೊರಟೆ. ಕೆಲವರು ಸೆಟ್ಟು ಎಲ್ಲಿಟ್ಟಿದ್ದೇವೆ ಎಂದೇ ಗೊತ್ತಿಲ್ಲ ಎಂದರು. ಕೆಲವರು ಯಾರಿಗೋ ಕೊಟ್ಟುಬಿಟ್ಟಿದ್ದರು, ಅದನ್ನು ನನಗೆ ಹೇಳುವಾಗ ತಡವರಿಸಿದರು. ಒಬ್ಬರ ಮನೆಯಲ್ಲಿ ಕಾರ್ಡು ಅಕ್ಕಿ ಡಬ್ಬದ ಮುಚ್ಚಳವಾಗಿತ್ತು, ನಾಣ್ಯಗಳು ಎಂದೋ ಖರ್ಚಾಗಿದ್ದವು. ಎಲ್ಲರಿಗಿಂತ ಬುದ್ಧಿವಂತರು ಅವರೇ ಎಂದು ಅವರಿಗೇ ಹೇಳಿ ಬಂದೆ. ಕವರು ಬಿಚ್ಚಲು ಒಪ್ಪಿದವರ ನಾಣ್ಯಗಳನ್ನು ಸಾಹೇಬರ ಬಳಿ ಒಯ್ದು ತೊಳೆಸಿ ತಂದುಕೊಟ್ಟೆ.

ಮಾಲೂರಿನಲ್ಲಿ ಒಬ್ಬರಿದ್ದಾರೆ. ನಮ್ಮ ಹೈಸ್ಕೂಲಿನಲ್ಲೇ ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಅವರ ಬೀಳ್ಕೊಡುಗೆಗೆ ನಾನು ಕೊಟ್ಟ ಸೆಟ್ಟು ಹಜಾರದ ಗಾಜಿನ ಶೋಕೇಸಿನಲ್ಲಿ, ಮೈಸೂರಿನ ಗಂಧದ ಆನೆಯ ಪಕ್ಕದಲ್ಲಿತ್ತು. ಸುತ್ತ ಕಟ್ಟು ಹಾಕಿಸಿದ್ದರು. ಅವರ ಹೆಂಡತಿ ಕಾಫಿ ತಂದುಕೊಟ್ಟರು. ನಾನು ಇಷ್ಟರಲ್ಲಿ ರೂಢಿಯಾಗಿದ್ದ ತಪ್ಪೊಪ್ಪಿಗೆಯನ್ನು ಒಪ್ಪಿಸಿದೆ.

ಅವರು ಪೂರ್ತಿ ಕೇಳಿದರು. ಆಮೇಲೆ ಮುಗುಳ್ನಕ್ಕರು.

“ನೀವು ಮಾಡಿದ್ದಾ?”

“ಹೌದು ಸಾರ್.”

“ಮೇಷ್ಟ್ರೇ, ವಾರ್ಷಿಕೋತ್ಸವದ ನಾಟಕಕ್ಕೆ ನೀವು ಪರದೆ ಬರೆದಿದ್ರಲ್ಲ, ಅರಮನೆ ಮುಂದೆ ಎರಡು ಆನೆ. ಡಿಡಿಪಿಐ ಸಾಹೇಬ್ರು ಎಮ್ಮೆ ಯಾಕಿವೆ ಅಂತ ನನ್ನ ಕೇಳಿದ್ರು. ನಿಮ್ಮ ಕೈಕೆಲಸ ನನಗೆ ಗೊತ್ತಿಲ್ವಾ? ಇಷ್ಟು ನೀಟಾಗಿ ನೀವು ಮಾಡೋಕಾಗಲ್ಲ. ಇದು ಮಿಂಟಿಂದು.”

“ಹಿಂದೆ ತಿರುಗಿಸಿ ನೋಡಿ ಸಾರ್, ನನ್ನ ಹೆಸರಿದೆ.”

“ಕೊಟ್ಟವರು ನೀವು, ನಿಮ್ಮ ಹೆಸರಿರದೆ ಇನ್ಯಾರ ಹೆಸರಿರುತ್ತೆ?”

“ಒಂದು ಸಲ ಕವರು ಬಿಚ್ಚಿ ಸಾರ್, ಗೋಂದು ಕಾಣುತ್ತೆ.”

“ಬಿಚ್ಚಿದರೆ ಬೆಲೆ ಹೋಗುತ್ತೆ ಅಂತ ಅವತ್ತು ಸ್ಟೇಜ್ ಮೇಲೆ ಹೇಳಿದ್ದು ಯಾರು?” ದನಿ ತಗ್ಗಿಸಿ ಮುಂದಕ್ಕೆ ಬಾಗಿದರು. “ನೇರವಾಗಿ ಹೇಳಿ ಮೇಷ್ಟ್ರೇ. ರೇಟು ಏರಿದೆ, ಅಲ್ವಾ? ಯಾರಾದರೂ ಪಾರ್ಟಿ ಕೇಳ್ತಾ ಇದ್ದಾರಾ?”

ಎದ್ದು ಶೋಕೇಸಿನ ಹತ್ತಿರ ಹೋದೆ. ಐದು ರೂಪಾಯಿಯ ಅಂಚಿನಲ್ಲಿ ಹಸಿರು ದಟ್ಟವಾಗಿ ಏರಿತ್ತು. ಅದನ್ನು ಬೆರಳು ಮಾಡಿ ತೋರಿಸಿದೆ. ಅವರೂ ಬಂದು, ಕನ್ನಡಕ ಸರಿಮಾಡಿಕೊಂಡು, ಅಭಿಮಾನದಿಂದ ನೋಡಿದರು.

“ನಾನೂ ಗಮನಿಸಿದ್ದೀನಿ. ವರ್ಷ ವರ್ಷಕ್ಕೂ ಬಣ್ಣ ಏರ್ತಾ ಇದೆ. ಆಂಟಿಕ್ ಆಗ್ತಾ ಇದೆ.”

ಹೀಗೆಂದು ಶೋಕೇಸಿಗೆ ಬೀಗ ಹಾಕಿ ಬೀಗದ ಕೈಯನ್ನು ಜುಬ್ಬದ ಜೇಬಿಗೆ ಹಾಕಿಕೊಂಡರು. ಬೇಸರ ಮಾಡಿಕೊಳ್ಳಬೇಡಿ ಎಂದು ಅವರ ಹೆಂಡತಿ ನಾಲ್ಕು ಮಾವಿನಹಣ್ಣು ಕಟ್ಟಿಕೊಟ್ಟರು.

ಸಂಜೆ ಮನೆಗೆ ಬಂದಾಗ ಹೆಂಡತಿ ಹಣ್ಣಿನ ಚೀಲ ತೆಗೆದುಕೊಳ್ಳುತ್ತಾ “ಏನಂದ್ರು? ನಂಬಿದ್ರಾ?” ಎಂದು ಕೇಳಿದಳು.

“ಇಲ್ಲ. ಕೆಲಸ ಅಷ್ಟು ನೀಟಾಗಿದೆಯಂತೆ” ಎಂದೆ.

ಹೇಳುವಾಗ ನನ್ನ ದನಿಯಲ್ಲಿ ಏನಿತ್ತೋ ಗೊತ್ತಿಲ್ಲ. ಅವಳು ಚೀಲವನ್ನು ಅಲ್ಲೇ ಇಟ್ಟು, ಸೊಂಟದ ಮೇಲೆ ಕೈಯಿಟ್ಟುಕೊಂಡು, ಬಹಳ ಹೊತ್ತು ನನ್ನ ಮುಖವನ್ನೇ ನೋಡಿದಳು.